ಹೊಳೆಯ ಹೂಳಿನಲ್ಲಿ ಸಿಕ್ಕ ಎತ್ತಿನ ಹಲ್ಲು

1991ರಲ್ಲಿ ಏಳನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಈ ಬೇಸಿಗೆಯಲ್ಲಿ ಧುಪದಾಳದ ಹತ್ತಿರ ಬಂಡಿಗೆ ಹೊಳೆಯ ಹೂಳು ತುಂಬುವಾಗ ಸವೆದ ಹಲ್ಲೊಂದು ಸಿಕ್ಕಿತು. ವಿದ್ಯಾರ್ಥಿಗಳೊಂದಿಗೆ ಹೊಳೆ ನೋಡಲು ಬಂದಿದ್ದ ಕಾಲೇಜಿನ ಸರ್ ಅದನ್ನು ಇಸಿದುಕೊಂಡು, ಕುದುರೆಯದು ಎಂದರು.

“ಅಲ್ರಿ ಸರ, ಮುದಿ ಎತ್ತಿನ ಮುಂದಿನ ಹಲ್ಲದು.”

“ನೀ ಎಷ್ಟ ಸಾಲಿ ಕಲ್ತೀಪಾ?” ಎಂದರು. ಎಲ್ಲರೂ ನಕ್ಕರು.

ಮೈ ಉರಿಯಿತು. ಬಾಯಿ ಬಿಡಿಸಿ ಹಲ್ಲು ನೋಡದೆ ನಾವು ಸಂತೆಯಲ್ಲಿ ಎತ್ತು ಕೊಳ್ಳುವವರಲ್ಲ. ಹಲ್ಲನ್ನು ಕಸಿದುಕೊಂಡು, ಬಂಡಿಯ ಮುದಿ ಎತ್ತಿನ ತುಟಿ ಬಿಡಿಸಿ ಪಕ್ಕದಲ್ಲಿ ಹಿಡಿದೆ. ಎರಡೂ ಒಂದೇ ಥರ ಇದ್ದವು. ಸರ್ ಬಗ್ಗಿ ನೋಡಿದರು, ಮುಖ ಕಪ್ಪಿಟ್ಟಿತು. ಆದರೂ ವಿದ್ಯಾರ್ಥಿಗಳತ್ತ ತಿರುಗಿ, “ಕುದುರಿ ಅಂತನ ಬರ್ಕೊಳ್ರಿ” ಎಂದರು.

ಕಣ್ಣಾರೆ ಕಂಡೂ ಸುಳ್ಳು ಬರೆಸಿದರಲ್ಲ ಎಂಬ ಸಿಟ್ಟು ಇನ್ನೂ ಇಳಿದಿಲ್ಲ. ಹಲ್ಲನ್ನು ಮಾತ್ರ ನಾನು ಮರಳಿ ಕೊಡಲಿಲ್ಲ. ಈಗ ನನ್ನ ಬಳಿ ಇರುವುದು ಮೂರು ಎಕರೆ ಹೊಲ, ಎರಡು ಎತ್ತು, ಒಂದು ಹಲ್ಲು.