ಅಮ್ಮನನ್ನು ನೆಲಕ್ಕೆ ಕೂರಿಸಿದ ಲಲಿತಾ ಮಿಸ್ಸು

ಲಲಿತಾ ಮಿಸ್ಸು ರೇಕಿ ಕೊಡುವ ಕೋಣೆಗೆ ಮೊದಲ ಸಲ ಹೋದವರು ಬೆಚ್ಚಿಬೀಳುತ್ತಿದ್ದರು. ಊದಿನಕಡ್ಡಿ, ಮಂದ ದೀಪ, ಸಣ್ಣಗೆ ಕೊಳಲಿನ ಕ್ಯಾಸೆಟ್ಟು, ಎಲ್ಲ ಇರುತ್ತಿತ್ತು. ಕಣ್ಣು ಮುಚ್ಚಿ ಮಲಗಿ, ಇನ್ನೇನು ಶಕ್ತಿ ಇಳಿಯುತ್ತದೆ ಎನ್ನುವಾಗ, ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ತೊಟ್ಟ ಆ ಮಹಾತಾಯಿ ಇಡೀ ಭದ್ರಾವತಿ ನ್ಯೂಟೌನಿಗೆ ಕೇಳುವಂತೆ, "ಉಸಿರು ಬಿಡ್ರೀ! ಯಾರಿಗೆ ಅಂತ ಕೂಡಿಡ್ತಿದೀರ?" ಎಂದು ಗದರುತ್ತಿದ್ದರು. ಗದರದೆ ಇನ್ನೇನು ಮಾಡಿಯಾರು? ವಯಸ್ಸೆಲ್ಲ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಮಿಸ್ಸಾಗಿ ಸವೆಸಿದವರು. "ಗೂನು ಹಾಕ್ಬೇಡ್ವೇ ಶೈಲಾ" ಅಂತ ನನ್ನ ಬೆನ್ನಿಗೂ ಅವರ ಗುದ್ದು ಬಿದ್ದಿದೆ.

ನಿವೃತ್ತಿಯಾದ ಮೇಲೆ, ತೊಂಬತ್ತರ ದಶಕದ ಕೊನೆಗೆ, ಯಾವುದೋ ಕ್ಯಾಂಪಿಗೆ ಹೋಗಿ, ಮೈಮೇಲೆ ಕೈಯಿಟ್ಟು ಶಕ್ತಿ ಹರಿಸಿ ನೋವು ಕಳೆಯುವ ಈ ರೇಕಿ ಕಲಿತು ಬಂದಿದ್ದರು. ಬರುವವರೆಲ್ಲ ಬೆನ್ನುನೋವಿನವರೇ. ಕಾರ್ಖಾನೆಯಲ್ಲಿ ಭಾರ ಎತ್ತಿದವರು, ಹೊಲಿಗೆ ಮಷೀನಿನ ಮುಂದೆ ಬಗ್ಗಿ ಬಗ್ಗಿ ಸೊಂಟ ಕಳೆದುಕೊಂಡವರು. ಅವರಿಗೆ ಸುಮ್ಮನೆ ಮಲಗಿ ವಾಸಿಯಾಗುವ ಆಸೆ. ಮಿಸ್ಸು ಬಿಡಬೇಕಲ್ಲ! "ಕೈ ಬಿಸಿ ನಂದು, ಸೊಂಟ ನಿಮ್ದು. ನಿಮ್ಮ ಪಾಲಿನ ಕೆಲಸ ನೀವು ಮಾಡಿ" ಎಂದು ವ್ಯಾಯಾಮ ಮಾಡಿಸಿಯೇ ಕಳಿಸುತ್ತಿದ್ದರು. ರೇಕಿಯಲ್ಲಿ ನನಗೆ ಆಗಲೂ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ಮಿಸ್ಸಿನ ಮೇಲೆ ಇತ್ತು. ಅದಕ್ಕೇ ಅಮ್ಮನನ್ನು ಶಿವಮೊಗ್ಗದಿಂದ ಬಸ್ಸು ಹತ್ತಿಸಿಕೊಂಡು ಹೋದೆ.

ಅಮ್ಮನಿಗೆ ಡಿಸ್ಕಿನ ತೊಂದರೆ ಎಂದು ಡಾಕ್ಟರು ಹೇಳಿದ್ದರು. ನೆಲಕ್ಕೆ ಕೂರುವ ಹಾಗಿರಲಿಲ್ಲ. ನಮ್ಮದು ಲಿಂಗಾಯತರ ಮನೆ. ನೆಲದ ಮೇಲೆ ಕೂತು, ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸದೆ ಅಮ್ಮ ಒಂದು ತೊಟ್ಟು ನೀರು ಮುಟ್ಟುವವಳಲ್ಲ. "ಕುರ್ಚಿ ಮೇಲೆ ಕೂತು ಮಾಡಮ್ಮ" ಅಂದರೆ, "ನಾನೇನು ಆಫೀಸರ್ರಾ?" ಅನ್ನುವಳು. ಹಲ್ಲು ಕಚ್ಚಿ ನೆಲಕ್ಕೆ ಕೂರುವಳು, ಏಳಲಾಗದೆ ಅಳುವಳು. ಕೂರುವುದೂ ಆಗದ ದಿನ ಸಂಜೆಯವರೆಗೂ ಉಪವಾಸ. ನೋಡನೋಡುತ್ತ ಸೊರಗಿ ಕಡ್ಡಿಯಾದಳು. ನನಗೋ ಸಿಟ್ಟು, ಸಿಟ್ಟಿನ ಹಿಂದೆಯೇ ಹೆದರಿಕೆ. ಹೀಗೇ ಆದರೆ ಅಮ್ಮ ಉಳಿಯುತ್ತಾಳಾ ಅಂತ.

ಮೊದಲ ದಿನ ಮಿಸ್ಸು ಅಮ್ಮನ ಬೆನ್ನ ಮೇಲೆ ಬಹಳ ಹೊತ್ತು ಕೈಯಿಟ್ಟು, ಆಮೇಲೆ ಎಲ್ಲರಿಗೂ ಹೇಳಿಕೊಡುವಂತೆ ಮುಂದಕ್ಕೆ ಬಗ್ಗುವ ವ್ಯಾಯಾಮ ಹೇಳಿದರು. ಮನೆಗೆ ಬಂದು ಬಗ್ಗಿದ ಅಮ್ಮನಿಗೆ ಸೊಂಟ ಹಾಗೇ ಹಿಡಿದುಕೊಂಡಿತು. ನಾನು ಫೋನಿನಲ್ಲಿ ಮಿಸ್ಸಿಗೆ ಬಾಯಿಗೆ ಬಂದಂತೆ ಅಂದುಬಿಟ್ಟೆ. ಮಾರನೆಯ ಬೆಳಿಗ್ಗೆ ಬಾಗಿಲು ತೆಗೆದರೆ ಮಿಸ್ಸು ನಿಂತಿದ್ದಾರೆ.

"ಗೌರಮ್ಮ, ತಪ್ಪು ನಂದೇ" ಎಂದರು ಒಳಗೆ ಬರುತ್ತಲೇ. "ನಿಮ್ಮದನ್ನೂ ಸ್ಕೂಲ್ ಹುಡುಗೀರ ಬೆನ್ನು ಅಂದ್ಕೊಂಡೆ. ಇನ್ಮೇಲೆ ಬಗ್ಗೋದು ಬೇಡ. ನೀವು ಏನೇನು ಮಾಡ್ತೀರೋ ನೋಡ್ತೀನಿ, ಆಮೇಲೆ ಹೇಳ್ತೀನಿ."

ಬಂದ ಗಳಿಗೆಯಿಂದ ಅಮ್ಮನ ಹಿಂದೆಯೇ ಇದ್ದರು. ಹಾಸಿಗೆಯಿಂದ ಹೇಗೆ ಏಳುತ್ತಾಳೆ, ಎಲ್ಲಿ ಉಸಿರು ಹಿಡಿಯುತ್ತಾಳೆ, ಎಲ್ಲ ನೋಡಿದರು. ಪೂಜೆಯ ಸಂಕಟ ತಿಳಿದ ಮೇಲೆ ಅಮ್ಮನನ್ನು ಮಂಚದ ಮೇಲೆ ಅಂಗಾತ ಮಲಗಿಸಿ, ತಲೆಗೆ ದಿಂಬು ಎತ್ತರಿಸಿ, ಮಂಡಿಯ ಕೆಳಗೊಂದು ದಿಂಬು ಕೊಟ್ಟು, "ಹೂಂ, ಈಗ ಪೂಜೆ ಮಾಡಿ" ಎಂದರು.

"ಶಿವಶಿವಾ! ಮಲಗಿಕೊಂಡು ಲಿಂಗಪೂಜೆಯಾ ಮಿಸ್ಸು?"

"ರಾತ್ರಿಯೆಲ್ಲ ನಿಮ್ಮ ಲಿಂಗ ಎಲ್ಲಿರುತ್ತೆ ಮಾರಾಯ್ತಿ? ಎದೆ ಮೇಲೇ ತಾನೆ? ನಿಮ್ಮ ಜೊತೆ ಮಲಗೋಕೆ ಬೇಜಾರಿಲ್ದೆ ಇರೋ ದೇವ್ರಿಗೆ, ನೀವು ಮಲಗಿ ಪೂಜೆ ಮಾಡಿದ್ರೆ ಬೇಜಾರಾ?"

ಅಮ್ಮ ಮಲಗಿದ್ದಲ್ಲೇ ಸೆರಗು ಸರಿಮಾಡಿಕೊಂಡಳು. ಆಮೇಲೆ ಲಿಂಗವನ್ನು ಅಂಗೈಗೆ ತೆಗೆದುಕೊಂಡಳು. ಆ ದಿನ ಬೆಳಗಿನ ತಿಂಡಿ ಬೆಳಿಗ್ಗೆಯೇ ತಿಂದಳು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಅಲ್ಲಿಂದ ಮಿಸ್ಸಿನ ಪಾಠ ಶುರುವಾಯಿತು. ಅಮ್ಮ ಮಲಗಿದ್ದಾಗ ಸೊಂಟದ ಕೆಳಗೆ ತಮ್ಮ ಕೈ ತೂರಿಸಿ, "ಉಸಿರು ಬಿಡ್ತಾ ನನ್ನ ಕೈ ಒತ್ತಿ ನೋಡೋಣ. ಜೋರಾಗಿ ಬೇಡ, ಇರುವೆ ಸಾಯಬಾರದು, ಅಷ್ಟೇ" ಎನ್ನುವರು. ಸೊಂಟ ಸ್ವಲ್ಪ ಗಟ್ಟಿಯಾದ ಮೇಲೆ ಕಂಬಳಿಗಳನ್ನು ಮಡಿಸಿ ಪೇರಿಸಿ, ಅದರ ಮೇಲೆ ಕೂರಿಸಿದರು. ನೋವಿಲ್ಲದೆ ಕೂತು ಎದ್ದರೆ ಮಾತ್ರ ಒಂದು ಕಂಬಳಿ ಕಡಿಮೆ. ನೋವು ಬಂದರೆ ತೆಗೆದ ಕಂಬಳಿ ಮತ್ತೆ ವಾಪಸ್. ಅಮ್ಮನಿಗೆ ಅವಸರ. "ದೇವ್ರು ಎಲ್ಲೂ ಓಡಿಹೋಗಲ್ಲ ಗೌರಮ್ಮ, ನೀವು ನಿಧಾನಕ್ಕೆ ಇಳೀರಿ" ಎಂದು ಮಿಸ್ಸು ನಗುವರು. ಬೈಯುತ್ತಿದ್ದ ಆ ಬಾಯಲ್ಲಿ ಅಷ್ಟು ತಾಳ್ಮೆ ಎಲ್ಲಿತ್ತೋ!

ಕಂಬಳಿಗಳು ಇನ್ನೂ ಪೂರ್ತಿ ಇಳಿದಿರಲಿಲ್ಲ, ಮಿಸ್ಸಿಗೆ ಲಕ್ವ ಹೊಡೆಯಿತು. ಅಮ್ಮ ಹಟ ಹಿಡಿದು ಒಬ್ಬಳೇ ಅಭ್ಯಾಸ ಮಾಡಿದಳು. ಬರೀ ನೆಲದ ಮೇಲೆ ಕೂತ ದಿನ ಭದ್ರಾವತಿಗೆ ಫೋನು ಮಾಡಿಸಿದಳು. ಮಿಸ್ಸಿನ ತಂಗಿ ಫೋನಿನಲ್ಲಿ, "ಅಕ್ಕ ಅದನ್ನ ಕಣ್ಣಾರೆ ನೋಡಬೇಕಂತೆ" ಎಂದರು.

ಮರುದಿನ ಅಮ್ಮ ಖಾಲಿ ಹೊಟ್ಟೆಯಲ್ಲೇ ಬಸ್ಸು ಹತ್ತಿದಳು. ಮಿಸ್ಸು ಮಂಚದ ಮೇಲಿದ್ದರು. ಬಾಯಿ ಒಂದು ಕಡೆ ವಾಲಿತ್ತು. ಅಮ್ಮ ಸ್ನಾನದ ಮನೆಯಲ್ಲಿ ಕೈಕಾಲು ತೊಳೆದು ಬಂದು, ಏನನ್ನೂ ಹಿಡಿಯದೆ ಮಂಚದ ಪಕ್ಕ ನೆಲಕ್ಕೆ ಕೂತಳು. ಲಿಂಗವನ್ನು ಅಂಗೈಯಲ್ಲಿಟ್ಟು ವಿಭೂತಿ ಧರಿಸಿದಳು. ಮಿಸ್ಸು ರೆಪ್ಪೆ ಹೊಡೆಯದೆ ನೋಡುತ್ತಿದ್ದರು.

"ಹೆಗಲು... ಸಡಿಲ ಬಿಡಿ" ಎಂದರು ತೊದಲುತ್ತ.

ಅಮ್ಮ ಸಡಿಲ ಬಿಟ್ಟಳು. ಪೂಜೆ ಮುಗಿಸಿ ಎದ್ದು ನಿಂತಾಗ ಮಿಸ್ಸಿನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅದೇ ಕೊನೆ. ಮತ್ತೆ ಹೋಗುವಷ್ಟರಲ್ಲಿ ಅವರು ಇರಲಿಲ್ಲ.

ಅವತ್ತು ವಾಪಸ್ ಬರುವಾಗ ಬಸ್ಸು ಮಲವಗೊಪ್ಪ ದಾಟುವವರೆಗೂ ಅಮ್ಮ ಕಿಟಕಿ ಕಡೆ ತಿರುಗಿಯೇ ಇದ್ದಳು. ಆಮೇಲೆ ಮೆಲ್ಲಗೆ ಹೇಳಿದಳು:

"ಲಿಂಗದ ಮೇಲೆ ದೃಷ್ಟಿ ನಿಲ್ಲಲೇ ಇಲ್ಲ ಕಣೇ ಇವತ್ತು. ಪೂಜೆ ಪೂರ್ತಿ ಅವರ ಮುಖಾನೇ ನೋಡ್ತಿದ್ದೆ. ತಪ್ಪು ಅಂತ ಅನ್ನಿಸ್ಲೇ ಇಲ್ಲ."