ಕಾಗೆಗೆ ಸಿಕ್ಕಿದ ಬೈಗುಳ

ಇನ್ನೊಬ್ಬರಿಗೆ ಸಿಕ್ಕಿದ ಹೊಗಳಿಕೆ ಕಂಡು ಹೊಟ್ಟೆ ಉರಿಸಿಕೊಳ್ಳುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಇನ್ನೊಬ್ಬನಿಗೆ ಸಿಕ್ಕಿದ ಬೈಗುಳ ಕಂಡು ಹೊಟ್ಟೆ ಉರಿಸಿಕೊಂಡವನು ಮಾತ್ರ ಇಡೀ ಮಂಗಳೂರಿನಲ್ಲಿ ನಾನೊಬ್ಬನೇ ಇರಬೇಕು. ಅದೂ ನನ್ನ ಹೆಂಡತಿ ಬೈದ ಬೈಗುಳ.

ಎಂಬತ್ತರ ದಶಕದ ನಡುವಿನ ಮಾತು. ನಾನು ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದೆ. ಗೆಳೆಯ ಹಮೀದನಿಗೆ ಬಟ್ಟೆ ಅಂಗಡಿ. ಅವನ ಅಣ್ಣ ದುಬೈಯಿಂದ ಟಿ.ವಿ.ಗೆ ಜೋಡಿಸುವ ಪುಟ್ಟ ಕಂಪ್ಯೂಟರ್ ತಂದುಕೊಟ್ಟಿದ್ದ. ತನ್ನ ಮನೆಯ ಮಕ್ಕಳ ಕೈಗೆ ಸಿಕ್ಕಿದರೆ ಉಳಿಯದೆಂದು ಹಮೀದ ಅದನ್ನು ಕೊಟ್ಟಾರದ ನಮ್ಮ ಮನೆಯಲ್ಲಿಟ್ಟ. ಪುಸ್ತಕ ನೋಡಿ ಪ್ರೋಗ್ರಾಂ ಬರೆಯಲು ಕಲಿತು, ಇಬ್ಬರೂ ಒಂದೊಂದು ವಿಡಿಯೋ ಗೇಮ್ ಮಾಡಲು ಹೊರಟೆವು.

ನನ್ನದು ಬಸ್ಸಿನ ಆಟ. ಜೆಪ್ಪುವಿನಿಂದ ಕಾವೂರಿಗೆ ಬಸ್ಸು ಬಿಡಬೇಕು, ಪ್ರತಿ ಸ್ಟಾಪಿನಲ್ಲೂ ನಿಲ್ಲಿಸಬೇಕು, ಹೊತ್ತಿಗೆ ಸರಿಯಾಗಿ ಮುಟ್ಟಿಸಬೇಕು. ಗಣಿತದ ಮೇಷ್ಟ್ರ ಬಸ್ಸು ಇನ್ನು ಹೇಗಿರುತ್ತದೆ? ಹಮೀದನದು ಅಂಗಳದಲ್ಲಿ ಒಣಹಾಕಿದ ಮೀನು ಕದಿಯಲು ಬರುವ ಕಾಗೆಗಳನ್ನು ಓಡಿಸುವ ಆಟ. ಆಡಿದವರ ಮಾತು ಕೇಳಿ ತಿದ್ದಿಕೊಳ್ಳಬೇಕೆಂದು ಭಾನುವಾರ ನೆರೆಕರೆಯವರನ್ನು ಕರೆದು, ಗೋಳಿಬಜೆ, ಚಹಾ ಕೊಟ್ಟು ಆಡಿಸುತ್ತಿದ್ದೆವು. ಎಡವಿದ್ದು ಇಲ್ಲೇ. ಉಂಡ ಮನೆಯ ಜಂತಿ ಎಣಿಸುವವರಲ್ಲ ನಮ್ಮ ಜನ. ಗೋಳಿಬಜೆ ತಿಂದ ಬಾಯಿಂದ "ಲಾಯ್ಕುಂಟು ಸರ್" ಎಂಬ ಹೊಗಳಿಕೆ ಬಿಟ್ಟು ಬೇರೆ ಮಾತು ಹೊರಡಲಿಲ್ಲ.

ತಿಂಡಿಯ ಹಂಗಿಲ್ಲದವಳು ಅದನ್ನು ಕರಿದವಳೊಬ್ಬಳೇ, ನನ್ನ ಹೆಂಡತಿ ಸುನಂದಾ. ಅವಳ ಮಾತಿಗೇ ನಾನು ಕಾದಿದ್ದೆ. ಅವಳು ನನ್ನ ಬಸ್ಸನ್ನು ಒಮ್ಮೆ ಕಾವೂರಿಗೆ ಮುಟ್ಟಿಸಿ, "ಲಾಯ್ಕುಂಟು. ಪಾಪ, ಎಷ್ಟು ಕಷ್ಟಪಟ್ಟಿದ್ದೀರಿ" ಎಂದು ಹೇಳಿ ಕಾಗೆಯ ಆಟಕ್ಕೆ ಕೂತಳು. ಕೂತವಳು ಏಳಲಿಲ್ಲ.

"ಎಂತ ಹಮೀದಣ್ಣ ಇದು? ಎರಡು ಬದಿಯಿಂದ ಒಟ್ಟಿಗೆ ಬಂದ್ರೆ ನಾನು ಯಾವುದನ್ನು ಓಡಿಸುವುದು? ನಿಮಗೆ ಸ್ವಲ್ಪ ಕರುಣೆ ಉಂಟಾ? ಇದ್ದ ಬಂಗುಡೆ ಎಲ್ಲ ಹೋಯ್ತು."

"ಸರಿ ಮಾಡ್ತೇನೆ ಅಕ್ಕ" ಎಂದು ಹಮೀದ ತಲೆ ಕೆರೆದುಕೊಂಡ. ಮುಂದಿನ ವಾರ ನಮ್ಮಲ್ಲೇ ಕೂತು ಆಟವನ್ನು ತಿದ್ದಿ, ಆಗಿನ ರೂಢಿಯಂತೆ ಟೇಪಿನ ಕ್ಯಾಸೆಟ್ಟಿಗೆ ತುಂಬಿಸಿಟ್ಟ. ಅವಳು ಹೊಸ ತಪ್ಪು ಹಿಡಿದಳು. ತೆಂಗಿನಕಾಯಿ ತುರಿಯುವಾಗಲೂ ಅವನ ಕಾಗೆಗೇ ಶಾಪ. ನಿಂದೆಯ ವೇಷ ಹಾಕಿ ಬರುವ ಹೊಗಳಿಕೆಗೆ ನಮ್ಮ ಆಲಂಕಾರಿಕರು ವ್ಯಾಜಸ್ತುತಿ ಎಂದು ಹೆಸರಿಟ್ಟಿದ್ದಾರೆ. ಹೊಗಳಿಕೆಯ ವೇಷ ಹಾಕಿ ಬರುವ ಉಪೇಕ್ಷೆಗೆ ಏನೆನ್ನುತ್ತಾರೋ ಗೊತ್ತಿಲ್ಲ, ನನಗೆ ಮಾತ್ರ ಅದು ಧಾರಾಳವಾಗಿ ಸಿಕ್ಕಿತು. ಹಮೀದನ ಮುಖ ಕಂಡರೆ ಆಗದ ಸ್ಥಿತಿಗೆ ಬಂದೆ.

ಕೊನೆಗೆ ಮಾನ ಬಿಟ್ಟು ಕೇಳಿದೆ, "ನನ್ನ ಬಸ್ಸಿಗೆ ಎಂತ ಕಮ್ಮಿ?"

"ಕಮ್ಮಿ ಏನಿಲ್ಲ" ಎಂದಳು. "ಆದ್ರೆ ಮಂಗಳೂರಲ್ಲಿ ಹಿಂದೆ ಇನ್ನೊಂದು ಬಸ್ಸು ಅಟ್ಟಿಸಿಕೊಂಡು ಬಾರದೆ ಯಾವ ಬಸ್ಸು ಓಡ್ತದೆ?"

ಹೌದಲ್ಲ. ಹಿಂದಿನಿಂದ ಬಂದು ಪ್ರಯಾಣಿಕರನ್ನು ಕಸಿದುಕೊಂಡು ಹೋಗುವ ಇನ್ನೊಂದು ಬಸ್ಸು ಸೇರಿಸಿದೆ. ಸುನಂದಾ ಆಡಿದಳು. ಕೊಟ್ಟಾರದಲ್ಲಿ ನಿಂತಿದ್ದವರನ್ನೆಲ್ಲ ಅದು ತುಂಬಿಸಿಕೊಂಡು ಹೋಯಿತು.

"ಯಾರು ಮಾರಾಯ್ರೆ ಈ ಡ್ರೈವರ್? ಅವರು ಕೈ ತೋರಿಸಿದ್ದು ನನ್ನ ಬಸ್ಸಿಗೆ. ನಿಮಗೆ ನ್ಯಾಯ ನೀತಿ ಎಂತದೂ ಇಲ್ವಾ? ಇನ್ನೊಮ್ಮೆ ಹಾಕಿ."

ಮದುವೆಯಾದ ಮೇಲೆ ಅಷ್ಟು ಸಿಹಿಯಾದ ಮಾತು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಒಲೆಯ ಮೇಲೆ ಅನ್ನ ಸೀದ ವಾಸನೆ ಬಂದರೂ ಅವಳು ಏಳಲಿಲ್ಲ, ನಾನೂ ಹೇಳಲಿಲ್ಲ.

ಅಷ್ಟರಲ್ಲಿ ಹಮೀದ ಬಂದ. ಚಪ್ಪಲಿ ಬಿಡುತ್ತಲೇ ಮೆಲ್ಲಗೆ ಕೇಳಿದ, "ಕಳೆದ ವಾರ ತಿದ್ದಿದ ಕಾಗೆಗೆ ಅಕ್ಕ ಎಂತ ಹೇಳಿದ್ರು?"

"ಎಂತದೂ ಇಲ್ಲ ಮಾರಾಯ" ಎಂದೆ. "ಒಂದೇ ಒಂದು ದೂರೂ ಇಲ್ಲ."

ಅವನ ಮುಖ ಬಾಡಿತು. ಒಳಗಿನಿಂದ ನನ್ನ ಡ್ರೈವರನನ್ನು ಬೈಯುವ ಸದ್ದು ಕೇಳುತ್ತಲೇ ಇತ್ತು. ಕುರ್ಚಿ ಎಳೆದು, ಅದು ಚೆನ್ನಾಗಿ ಕೇಳುವ ಜಾಗದಲ್ಲೇ ಅವನನ್ನು ಕೂರಿಸಿದೆ. ಸ್ವಲ್ಪ ಹೊಟ್ಟೆ ಉರಿಯದಿದ್ದರೆ ಅವನಾದರೂ ಆ ಆಟವನ್ನು ತಿದ್ದುವುದು ಹೇಗೆ, ನೀವೇ ಹೇಳಿ.