ಪಡುಬದಿಯ ಮನೆಯ ಕ್ರಯ

ಕಾಪುವಿನ ಪೇಟೆಯಿಂದ ಕಡಲಿಗೆ ಹೋಗುವ ದಾರಿಯಲ್ಲಿ ಒಂದೇ ಹಂಚಿನ ಮಾಡಿನ ಕೆಳಗೆ ಮೂರು ಮನೆಗಳ ಸಾಲೊಂದಿತ್ತು. ಕಡಲಿನ ಕಡೆಗಿದ್ದ ಪಡುಬದಿಯ ತುದಿಮನೆಯಲ್ಲಿ ಹಂಚಿನ ಕೆಲಸದ ಚಂದು ಬಾಡಿಗೆಗಿದ್ದ. ಮಳೆಗಾಲ ಹಿಡಿಯುವ ಮೊದಲು ಊರವರ ಮಾಡು ಹತ್ತಿ, ಒಡೆದ ಹಂಚು ತೆಗೆದು, ಸರಿದದ್ದನ್ನು ಕೂರಿಸಿ ಕೊಡುವುದು ಅವನ ಕಸುಬು. ಮಣಿಪಾಲದಲ್ಲಿ ತಾರಸಿ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ ಅದು. ಆದರೂ ಕಾಪುವಿನಿಂದ ಕಾರ್ಕಳದವರೆಗೆ ಹಂಚಿನ ಮನೆಗಳಿಗೇನೂ ಬರವಿರಲಿಲ್ಲ, ಚಂದುವಿಗೆ ಕೆಲಸಕ್ಕೂ ಬರವಿರಲಿಲ್ಲ.

ಅವನಿಗೆ ಮನೆಯೆಂದರೆ ಮೊದಲು ಕಾಣುವುದು ಮಾಡು. ಮನೆ ಎಷ್ಟು ದೊಡ್ಡದೆಂದು ಕೇಳಿದರೆ ಅಡಿಯ ಲೆಕ್ಕ ಹೇಳುತ್ತಿರಲಿಲ್ಲ. "ಅದು ಸಾವಿರ ಹಂಚಿನ ಮನೆ" ಎನ್ನುತ್ತಿದ್ದ, ಅಷ್ಟೇ.

ಎಂಬತ್ತೆರಡನೆಯ ಇಸವಿಯ ಮಾರ್ಚಿನಲ್ಲಿ ಮನೆಯ ಧನಿ ರಾಮದಾಸ ಮಾಷ್ಟ್ರು ಉಡುಪಿಯಿಂದ ಬಂದರು. ಚಂದು ಏಳನೆಯಲ್ಲಿ ಶಾಲೆ ಬಿಡುವ ತನಕ ಅವನಿಗೆ ಗಣಿತ ಕಲಿಸಿದವರೂ ಅವರೇ.

"ಕಾರ್ಕಳದಲ್ಲಿ ಮಗಳ ಮನೆಯ ಹತ್ತಿರ ಒಂದು ಜಾಗ ಉಂಟು ಮಾರಾಯ, ಅದನ್ನು ತೆಗೆದುಕೊಳ್ಳಬೇಕು. ಇಲ್ಲಿ ಉಳಿದದ್ದು ಇದೊಂದು ಮನೆ. ನೀನು ಕೊಂಡುಕೊಳ್ಳುವುದಾದರೆ ಬೇರೆಯವರಿಗೆ ತೋರಿಸುವುದಿಲ್ಲ."

ಚಂದು ಕೇಳಿದ: "ಕ್ರಯ ಎಷ್ಟು ಮಾಷ್ಟ್ರೇ?"

"ನೀನೇ ಹೇಳು. ಆದಿತ್ಯವಾರ ಉಡುಪಿಗೆ ಬಾ. ಆದರೆ ಉತ್ತರ ಮಾತ್ರ ಸಾಲದು, ಹೇಗೆ ಬಂತು ಅಂತಲೂ ಹೇಳಬೇಕು. ಸರಿಯಿದ್ದರೆ ಚೌಕಾಸಿ ಇಲ್ಲ."

ಒಳಗೆ ಪಡುಗೋಡೆಯ ಕಿಟಕಿಯ ಬಳಿ ಬೀಡಿ ಕಟ್ಟುತ್ತಿದ್ದ ಚಂದುವಿನ ಹೆಂಡತಿ ಕಮಲಳ ಕೈ ಅಲ್ಲೇ ನಿಂತಿತು. ಆ ಕಿಟಕಿ ಮೊದಲು ಇರಲಿಲ್ಲ. ಬೆಳಕು ಸಾಲದೆ ಅವಳು ದಿನವೆಲ್ಲ ಹೊಸ್ತಿಲಲ್ಲಿ ಕೂರುವುದನ್ನು ನೋಡಲಾರದೆ, ಮಾಷ್ಟ್ರ ಒಪ್ಪಿಗೆ ಕೇಳಿ, ಚಂದುವೇ ಕೆಂಪುಕಲ್ಲು ಕಿತ್ತು ಕೂರಿಸಿದ ಕಿಟಕಿ ಅದು.

ಇಬ್ಬರ ಉಳಿತಾಯ, ಸೊಸೈಟಿಯ ಸಾಲ ಎಲ್ಲ ಸೇರಿದರೂ ಹದಿನಾರು ಸಾವಿರ ದಾಟುವಂತಿರಲಿಲ್ಲ. ಕ್ರಯ ಅದಕ್ಕಿಂತ ಮೇಲೆ ಹೋದರೆ ಮನೆ ಬೇರೆಯವರ ಪಾಲು. ಕಡಿಮೆ ಹೇಳಿ ಮಾಷ್ಟ್ರಿಗೆ ಮೋಸ ಮಾಡುವುದು ಚಂದುವಿನಿಂದಾಗದು.

ಸಾಲಿನ ಉಳಿದೆರಡು ಮನೆಗಳು ಆಗಲೇ ಮಾರಾಟವಾಗಿದ್ದವು. ಇನ್ನೊಂದು ತುದಿಯ ಮೂಡುಬದಿಯದನ್ನು ನರ್ಸ್ ಆಲಿಸ್ ಬಾಯಿ ನಾಲ್ಕು ವರ್ಷ ಹಿಂದೆ ಹತ್ತೂವರೆ ಸಾವಿರಕ್ಕೆ ಕೊಂಡಿದ್ದರು. ಅದು ಏಳುನೂರು ಹಂಚಿನದು. ನಡುವಿನದನ್ನು ಬಸ್ ಡ್ರೈವರ್ ರೊಸಾರಿಯೊ ಕಳೆದ ದಸರಾ ಹೊತ್ತಿಗೆ ಹದಿನೈದು ಸಾವಿರಕ್ಕೆ ಕೊಂಡಿದ್ದ. ಅದರದ್ದು ಏಳುನೂರೈವತ್ತು ಹಂಚು. ಎರಡರ ಮಾಡಿಗೂ ಹಂಚು ಕೂರಿಸಿದ್ದು ಚಂದುವೇ, ಲೆಕ್ಕ ತಪ್ಪುವಂತಿಲ್ಲ. ಆಲಿಸ್ ಬಾಯಿಯದು ಹಂಚಿಗೆ ಹದಿನೈದು ರೂಪಾಯಿ ಬಿತ್ತು, ರೊಸಾರಿಯೊನದು ಇಪ್ಪತ್ತು. ಹೊಸ ದರವನ್ನೇ ಹಿಡಿಯುವುದು ನ್ಯಾಯವೆಂದುಕೊಂಡು ಚಂದು ತನ್ನ ಮಾಡು ಹತ್ತಿದ. ಎಣಿಸಿದರೆ ಒಂಬೈನೂರು! ಹದಿನೆಂಟು ಸಾವಿರ. ಅವನು ಮಾಡಿನ ಮೇಲೆಯೇ ಕುಕ್ಕರಿಸಿದ.

ಕೆಳಗಿನಿಂದ ರೊಸಾರಿಯೊ ಕೂಗಿದ: "ಎಂತ ಚಂದು, ಜಪ ಮಾಡುವುದಾ ಅಲ್ಲಿ?"

"ನಿಮ್ಮ ಮನೆಗಿಂತ ನನ್ನದು ದೊಡ್ಡದು, ರೊಸಾರಿಯೊ ಪೊರ್ಬುಗಳೇ" ಎಂದ ಚಂದು, ಅಳುಮೋರೆಯಲ್ಲಿ.

"ದೊಡ್ಡದಾ? ನಿನ್ನಲ್ಲಿಯೂ ಮೊಣಕಾಲು ಮಡಚದೆ ನನಗೆ ಮಲಗಲಿಕ್ಕಾಗುವುದಿಲ್ಲ, ನನ್ನಲ್ಲಿಯೂ ಆಗುವುದಿಲ್ಲ. ಮತ್ತೆ ದೊಡ್ಡದು ಎಲ್ಲಿ ಮಾರಾಯ?"

ಆ ಮಾತು ಚಂದುವಿನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಮಧ್ಯಾಹ್ನದ ಗಂಜಿ ಹಾಗೆಯೇ ತಣ್ಣಗಾಯಿತು.

"ಹದಿನೆಂಟಾ? ಈ ಮನೆಗಾ?" ಎಂದಳು ಕಮಲ.

"ಹಂಚು ಒಂಬೈನೂರು ಉಂಟಲ್ಲ."

ಕಮಲ ಅವನನ್ನು ಹೊರಗೆ ಕರೆದೊಯ್ದು ಪಡುಗೋಡೆಯ ಬದಿಗೆ ನಿಲ್ಲಿಸಿದಳು. ಕಡಲ ಗಾಳಿಯ ಮಳೆಗೆ ಗೋಡೆ ನೆನೆಯದಿರಲೆಂದು ಅಲ್ಲಿ ಮಾಡನ್ನು ನಾಲ್ಕಡಿ ಹೊರಗೆ ಚಾಚಿದ್ದರು. ನಡುವಿನ ಮನೆಗೆ ಅದರ ಅಗತ್ಯವಿರಲಿಲ್ಲ. ಆಲಿಸ್ ಬಾಯಿಯ ಮನೆಯಂತೂ ಬೀಡಿ ಡಿಪೋದ ಗೋಡೆಗೆ ಅಂಟಿಕೊಂಡಿತ್ತು.

"ಇದರ ಕೆಳಗೆ ಯಾರು ಮಲಗುವುದು ಹೇಳಿ? ಮಳೆಗಾಲದಲ್ಲಿ ಬೆಕ್ಕು ಸಹ ಇಲ್ಲಿ ನಿಲ್ಲುವುದಿಲ್ಲ. ಇದು ಗೋಡೆಗೆ ಹಿಡಿದ ಕೊಡೆ. ಮನುಷ್ಯನ ಎತ್ತರ ಅಳೆಯುವಾಗ ನೀವು ಅವನ ಕೊಡೆಯನ್ನೂ ಸೇರಿಸುತ್ತೀರಾ?"

ಚಂದು ತಲೆಯೆತ್ತಿ ಚಾಚಿನ ಹಂಚುಗಳನ್ನು ಎಣಿಸಿದ. ನೂರೈವತ್ತು. ಅದನ್ನು ಕಳೆದರೆ ಉಳಿಯುವುದು ರೊಸಾರಿಯೊನ ಮನೆಯಷ್ಟೇ, ಏಳುನೂರೈವತ್ತು. ಅವನ ಮುಖದಲ್ಲಿ ನಗು ಮೂಡಿತು, ಆದರೆ ಪೂರ್ತಿ ಅಲ್ಲ. ಹಗ್ಗವೊಂದನ್ನು ತಂದು ತನ್ನ ಮನೆಯ ಉದ್ದ ಅಗಲ ಹಿಡಿದು, ಗಂಟು ಹಾಕಿಕೊಂಡು, ರೊಸಾರಿಯೊನ ಮನೆಗೆ ಹೋಗಿ ಹಿಡಿದು ನೋಡಿದ. ಗಂಟುಗಳು ಗೋಡೆಯಿಂದ ಗೋಡೆಗೆ ಸರಿಯಾಗಿ ಕೂತವು. ಆಮೇಲೆಯೇ ಅವನು ಗಂಜಿ ಉಂಡದ್ದು.

ಆದಿತ್ಯವಾರ ಉಡುಪಿಯ ಬಸ್ಸಿನಲ್ಲಿ ಕೂತಾಗ ಇನ್ನೊಂದು ಅನುಮಾನ ಹುಟ್ಟಿತು. ನಡುವಿನ ಮನೆಯ ಪಕ್ಕದ ಗೋಡೆಗಳಲ್ಲಿ ಕಿಟಕಿಯಿಲ್ಲ, ತನ್ನದಕ್ಕೆ ಉಂಟು. ಬೆಳಕಿಗೆ ಬೆಲೆ ಇಲ್ಲವೇ? ಕಟಪಾಡಿ ದಾಟುವಷ್ಟರಲ್ಲಿ ಅವನು ಅದಕ್ಕೆ ಐನೂರು ಸೇರಿಸಿಯಾಗಿತ್ತು.

ಮಾಷ್ಟ್ರು ಜಗಲಿಯಲ್ಲಿ ಕೂತು, ಹಂಚಿನ ದರ, ಚಾಚು, ಹಗ್ಗದ ಗಂಟು ಎಲ್ಲವನ್ನೂ ನಡುವೆ ಬಾಯಿ ಹಾಕದೆ ಕೇಳಿದರು.

"ಆಲಿಸ್ ಬಾಯಿಯ ದರ ಯಾಕೆ ಬಿಟ್ಟೆ? ಅದು ನಿನಗೆ ಲಾಭವಲ್ವಾ?"

"ಅದು ನಾಲ್ಕು ವರ್ಷ ಹಿಂದಿನದು ಮಾಷ್ಟ್ರೇ. ಈಗ ಆ ಕ್ರಯಕ್ಕೆ ಯಾರು ಕೊಡುತ್ತಾರೆ?"

"ಸರಿ. ಒಟ್ಟು?"

"ಹದಿನೈದೂವರೆ ಸಾವಿರ."

"ನಿನ್ನ ಲೆಕ್ಕದಲ್ಲಿ ಹದಿನೈದು ಬರಬೇಕು. ಈ ಐನೂರು ಎಲ್ಲಿಂದ ಬಂತು?"

"ಪಡುಗೋಡೆಯ ಕಿಟಕಿಗೆ."

ಮಾಷ್ಟ್ರು ಕನ್ನಡಕ ತೆಗೆದರು. "ಆ ಕಿಟಕಿ ಇಟ್ಟದ್ದು ಯಾರು?"

"ನಾನೇ."

"ಮರ ತಂದದ್ದು?"

"ನಾನೇ. ಆದರೆ ಗೋಡೆ ನಿಮ್ಮದಲ್ವಾ ಮಾಷ್ಟ್ರೇ?"

ಮಾಷ್ಟ್ರು ಒಳಗಿದ್ದ ಹೆಂಡತಿಯನ್ನು ಕೂಗಿದರು: "ಪ್ರಭಾವತೀ, ಇಲ್ಲಿ ಬಾ! ಇವನು ತಾನೇ ತೋಡಿದ ತೂತಿಗೆ ನನಗೆ ಐನೂರು ಕೊಡುತ್ತಾನಂತೆ!" ನಕ್ಕು ನಕ್ಕು ಅವರಿಗೆ ಕೆಮ್ಮು ಬಂತು. ಚಂದು ನೆಲ ನೋಡುತ್ತ ನಿಂತಿದ್ದ. ಕೆಮ್ಮು ನಿಂತ ಮೇಲೆ ಅವರು ಅವನ ಬೆನ್ನು ತಟ್ಟಿ, "ಎಲ್ಲ ಸರಿ ಉಂಟು, ಕೊನೆಯ ಹೆಜ್ಜೆ ಮಾತ್ರ ತಪ್ಪು. ಹದಿನೈದು. ಮುಂದಿನ ವಾರ ರಿಜಿಸ್ಟರ್ ಮಾಡುವ" ಎಂದರು. ಪ್ರಭಾವತಿಯಮ್ಮ ಕಾಫಿ ತಂದಿಟ್ಟರು.

ಅವನು ಮನೆ ಸೇರಿದಾಗ ಬಿಸಿಲು ಇಳಿದು, ಕಿಟಕಿಯಿಂದ ಒಳಗೆ ಬಿದ್ದಿತ್ತು. ಕಮಲ ಬೀಡಿ ಎಲೆಯ ಮೊರವನ್ನು ಪಕ್ಕಕ್ಕಿಟ್ಟು ಅವನ ಮುಖ ನೋಡಿದಳು.

"ಮನೆ ನಮಗಾಯಿತು. ಹದಿನೈದಕ್ಕೆ" ಎಂದ ಚಂದು.

ಅವಳು ಕಿಟಕಿಯ ಚೌಕಟ್ಟನ್ನು ಸೆರಗಿನಿಂದ ಒರೆಸುತ್ತ, "ಇದೂ ನಮ್ಮದೇ ಇನ್ನು, ಅಲ್ವಾ?" ಎಂದಳು.

"ಅದು ಮೊದಲೇ ನಮ್ಮದಾಗಿತ್ತಂತೆ" ಎಂದು ಚಂದು ಅವಳ ಪಕ್ಕ ಬೆಳಕಿನಲ್ಲಿ ಕೂತ.